ಒಂದೇ ಬ್ರೇಕಿನ ಮಗು

ನಾನೂ ನನ್ನ ಗಂಡನೂ ದರ್ಜಿಗಳು, ಇಬ್ಬರೂ ಕುಳ್ಳರು. ಕುಳ್ಳರೆಂದರೆ ನಾಲ್ಕಡಿ ದಾಟದವರು. ಐದು ತಿಂಗಳ ಬಸುರಿಯಾಗಿದ್ದ ನಾನು ಆಸ್ಪತ್ರೆಯ ಕುರ್ಚಿಯಲ್ಲಿ ಕಾಲು ತೂಗಾಡಿಸಿಕೊಂಡು ಕೂತಿದ್ದೆ. ಮಗು ಬದುಕುತ್ತದೋ ಇಲ್ಲವೋ ಎಂಬುದು ಮೇಜಿನ ಮೇಲಿನ ಲಕೋಟೆಯಲ್ಲಿತ್ತು.

ಹಿರಿಯ ಡಾಕ್ಟರು ಮೊದಲೇ ವಿವರಿಸಿದ್ದರು. ಹೊಟ್ಟೆಯಲ್ಲಿ ಮಗುವಿನ ಕೈಕಾಲಿನ ಮೂಳೆಗಳು ಮೊದಲು ಮೃದ್ವಸ್ಥಿಯಾಗಿ ಮೂಡುತ್ತವೆ. ಮುಟ್ಟಿದರೆ ಬಾಗುವ ಮೂಗಿನ ತುದಿಯಂಥದ್ದು. ಅದು ತುದಿಗಳಲ್ಲಿ ಬೆಳೆಯುತ್ತ ಹೋದಂತೆ ಹಿಂದಿನದು ಗಟ್ಟಿ ಮೂಳೆಯಾಗುತ್ತದೆ. ಮೊದಲು ಕಾಗದದ ಮಾದರಿ, ಆಮೇಲೆ ಬಟ್ಟೆ ಎಂದುಕೊಂಡೆ ನಾನು. ಈ ಬೆಳವಣಿಗೆ ಅತಿಯಾಗದಂತೆ ಒಂದು ಜೀನ್ ಆಗಾಗ ಬ್ರೇಕ್ ಹಾಕುತ್ತದೆ. ಎಲ್ಲರಲ್ಲೂ ಆ ಜೀನ್ ಜೋಡಿಯಾಗಿರುತ್ತದೆ; ನಮ್ಮಿಬ್ಬರ ಜೋಡಿಯಲ್ಲೂ ಒಂದೊಂದು ಕೆಟ್ಟು, ಬ್ರೇಕು ಒತ್ತಿದ್ದು ಒತ್ತಿದಂತೆಯೇ ಉಳಿದಿದೆ. ಮಗುವಿಗೆ ಒಬ್ಬೊಬ್ಬರ ಜೋಡಿಯಿಂದ ಒಂದೊಂದೇ ಹೋಗುತ್ತದೆ. ಕೆಟ್ಟದ್ದು ಯಾರಿಂದಲೂ ಬರದಿದ್ದರೆ ಮಗು ಉದ್ದ, ಒಬ್ಬರಿಂದ ಬಂದರೆ ನಮ್ಮಂತೆ. ಇಬ್ಬರಿಂದಲೂ ಬಂದರೆ ಪಕ್ಕೆಲುಬೂ ಬೆಳೆಯದೆ ಎದೆಗೂಡು ಕಿರಿದಾಗಿ, ಹುಟ್ಟಿದ ಮಗು ಉಸಿರಾಡಲಾರದು. ನಾಲ್ಕರಲ್ಲಿ ಒಂದಕ್ಕೆ ಹಾಗಾಗುತ್ತದಂತೆ.

ಅವತ್ತು ಹಿರಿಯರು ರಜೆ. ಬದಲಿಗೆ ಬಂದಿದ್ದ ಎಳೆ ವಯಸ್ಸಿನ ಡಾಕ್ಟರಮ್ಮ ವರದಿ ಓದಿದರು, ನರ್ಸಿಗೆ ನೀರು ತರಲು ಹೇಳಿದರು, ಮುಖ ಸಪ್ಪಗೆ ಮಾಡಿಕೊಂಡರು.

“ಹೇಳೋಕೆ ಬೇಜಾರಾಗುತ್ತೆ. ಮಗುವೂ ನಿಮ್ಮ ಹಾಗೇ ಆಗುತ್ತೆ.”

ಗಂಡ ಕುರ್ಚಿಯಿಂದ ಜಾರಿ ನಿಂತ. “ಒಬ್ಬರಿಂದ್ಲೇ ಬಂದಿರೋದಾ?”

“ಹೌದು, ಒಬ್ಬರಿಂದ ಮಾತ್ರ.”

ಅದನ್ನೇ ಅವರಿಂದ ಮೂರು ಸಲ ಹೇಳಿಸಿದ. ನನಗೆ ನಗು ಬಾಯಿಂದ ಬರುವ ಮೊದಲು ಮೂಗಿನಿಂದ ಬಂತು. ಅವನು ಮೇಜು ಹಿಡಿದುಕೊಂಡು ನಕ್ಕ. ತಾವು ಯಾರಿಗೆ, ಯಾವುದಕ್ಕೆ ಸಂತಾಪ ಹೇಳಿದೆವೆಂದು ಡಾಕ್ಟರಮ್ಮನಿಗೆ ಹೊಳೆದು, ಮುಖ ಕೆಂಪಾಗಿ, ಅವರೂ ಬಾಯಿಗೆ ಕೈ ಅಡ್ಡ ಹಿಡಿದರು. ನರ್ಸು ತಂದ ನೀರನ್ನು ಅವರೇ ಕುಡಿದರು. ಮಗುವಿಗೆ ಬಂದ ಬ್ರೇಕು ತನ್ನ ಕಡೆಯದೆಂದು ಗಂಡ, ಅಷ್ಟು ಹಟಮಾರಿ ಬ್ರೇಕು ನನ್ನದೇ ಎಂದು ನಾನು. ಅದನ್ನು ವರದಿ ಹೇಳುವುದಿಲ್ಲವೆಂದು ಡಾಕ್ಟರಮ್ಮ ಅಂದರೂ ನಾವು ಬಿಡಲಿಲ್ಲ.

ಜಗಳವಾಡುತ್ತಲೇ ಹೊರಬಂದೆವು. ಬಾಗಿಲ ಹೊರಗೆ ನನ್ನ ಅತ್ತೆ ನಿಂತಿದ್ದರು. ಆಳುದ್ದದ ಹೆಂಗಸು, ವಂಶದಲ್ಲಿ ಯಾರೂ ಕುಳ್ಳರಿಲ್ಲದೆ ಇವನನ್ನು ಹೆತ್ತವರು. ನಮ್ಮಂಥದ್ದೇ ಮಗು, ಬದುಕುತ್ತೆ ಎಂದು ಹೇಳಿದೆ. ಅವರು ಓಡಾಡುವ ಜನರ ನಡುವೆ ನೆಲಕ್ಕೆ ಕುಸಿದು ಕೂತು, ಕಾಲು ಚಾಚಿ, ಕೆಮ್ಮು ಬರುವಷ್ಟು ನಕ್ಕರು.

“ಏಳಮ್ಮ, ಎಲ್ರೂ ನೋಡ್ತಿದಾರೆ,” ಎಂದ ಮಗ.

“ನೋಡ್ಲಿ ಬಿಡೋ. ಇಷ್ಟು ವರ್ಷ ನಿನ್ನನ್ನೇ ನೋಡಿದ್ರು, ಇವತ್ತು ನನ್ನನ್ನ ನೋಡ್ಲಿ.”