ಎರಡನೇ ಸಲ ಓಡಿಸಿದ ಸ್ಕ್ರಿಪ್ಟ್

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅಕ್ಕ ತಮ್ಮ ಆರು ವರ್ಷ ಎದುರುಬದುರು ಕೂತು ಕೆಲಸ ಮಾಡಿದ್ದರು. ತಮ್ಮನಿಗೊಂದು ಚಾಳಿ. ಸರ್ವರ್‌ನ ಸೆಟ್ಟಿಂಗ್ ಬರೆದಿಡುವ ಕಾನ್ಫಿಗರೇಷನ್ ಫೈಲುಗಳಲ್ಲಿ ಯಂತ್ರ ಓದದೆ ದಾಟಿಹೋಗುವ ಟಿಪ್ಪಣಿ ಸಾಲುಗಳಿರುತ್ತವಲ್ಲ, ಅಲ್ಲಿ ಅಕ್ಕನಿಗೆ ಕೀಟಲೆ ಬರೆದಿಡುತ್ತಿದ್ದ. ‘ಅಕ್ಕಾ, ಈ ಅಂಕಿ ಮುಟ್ಟಿದ್ರೆ ಲ್ಯಾಬಿನವರೆಲ್ಲ ಸೇರಿ ನಿನ್ನ ತಲೆ ತಿಂತಾರೆ.’ ‘ಇದು ಹೇಗೆ ಕೆಲಸ ಮಾಡ್ತಿದೆಯೋ ದೇವರಿಗೇ ಗೊತ್ತು, ನೀನು ಕೆದಕಬೇಡ.’ ಮೂರು ತಿಂಗಳ ಹಿಂದೆ ಜ್ವರವೆಂದು ಮಲಗಿದವನು ಮತ್ತೆ ಏಳಲಿಲ್ಲ.

ಈಗ ಫೈಲುಗಳೆಲ್ಲ ಹೊಸ ಸರ್ವರ್‌ಗೆ ಬಂದಿದ್ದವು. ಹಳೆಯದನ್ನು ಪೂರ್ತಿ ಅಳಿಸಿ ಸಾಗಹಾಕಿ ವಾರವಾಗಿತ್ತು. ನಲವತ್ತಮೂರು ಫೈಲುಗಳಲ್ಲಿ ಸರ್ವರ್ ವಿಳಾಸದ ಅಂಕಿಗಳನ್ನು ಬದಲಿಸಿ, ಟಿಪ್ಪಣಿಗಳನ್ನೆಲ್ಲ ಕಿತ್ತುಹಾಕಬೇಕೆಂದು ಮೇಲಧಿಕಾರಿ ಅಪ್ಪಣೆ ಕೊಟ್ಟ. ಅಕ್ಕ ಹೆದರಲಿಲ್ಲ. ಇಂಥ ಕೆಲಸವನ್ನೆಲ್ಲ ಒಂದೇ ಏಟಿಗೆ ತಾನೇ ಮಾಡಿ ಮುಗಿಸಲು ಅವಳು ಬರೆದಿದ್ದ ಶೆಲ್ ಸ್ಕ್ರಿಪ್ಟ್ ಪ್ರತಿ ಫೈಲನ್ನೂ ತಿದ್ದುವ ಮೊದಲು ಅದರದೊಂದು ಪ್ರತಿಯನ್ನು ಪಕ್ಕದಲ್ಲಿ ಎತ್ತಿಡುತ್ತಿತ್ತು. ಆ ಪ್ರತಿಗಳಿಂದ ತಮ್ಮನ ಸಾಲುಗಳನ್ನು ಮುದ್ರಿಸಿ ಸಂಜೆ ತರುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟೇ ಬಂದಿದ್ದಳು.

ಬೆಳಿಗ್ಗೆ ಓಡಿಸಿದಳು. ಎಲ್ಲ ಸರಾಗ. ಮಧ್ಯಾಹ್ನ ಮೇಲಧಿಕಾರಿ ಓಡಿಬಂದ. "ವಿಳಾಸದಲ್ಲಿ ಒಂದಂಕಿ ತಪ್ಪಿದೆಯಲ್ಲಮ್ಮಾ! ಎಕ್ಸ್‌ರೇ ಚಿತ್ರಗಳೇ ಬರ್ತಿಲ್ಲ, ಬೇಗ ನೋಡು" ಎಂದು ತುದಿಗಾಲಲ್ಲಿ ನಿಂತ. ಅವಳು ತಪ್ಪು ಅಂಕಿಯ ಜಾಗಕ್ಕೆ ಸರಿಯಾದದ್ದು ಬರುವಂತೆ ಸ್ಕ್ರಿಪ್ಟ್ ಬದಲಿಸಿ ಮತ್ತೆ ಓಡಿಸಿದಳು. ಸ್ಕ್ರಿಪ್ಟ್ ಹೇಳಿದಷ್ಟು ಮಾಡಿತು. ತಿದ್ದುವ ಮೊದಲು, ಆಗ ಇದ್ದ ಫೈಲಿನ ಪ್ರತಿ ತೆಗೆದು, ಬೆಳಗಿನ ಪ್ರತಿಯ ಮೇಲೆಯೇ ಬರೆಯಿತು. ಬೆಳಿಗ್ಗೆಯೇ ಟಿಪ್ಪಣಿಗಳನ್ನು ಕಿತ್ತುಹಾಕಿದ್ದ ಆ ಫೈಲಿನಲ್ಲಿ ತಮ್ಮ ಎಲ್ಲಿದ್ದ?

ಎಂಥ ಹೆಡ್ಡತನ! ಹನ್ನೆರಡು ವರ್ಷದ ಅನುಭವ ಇಟ್ಟುಕೊಂಡು ಮಾಡುವ ಕೆಲಸವೇ ಇದು? ನಲವತ್ತಮೂರು ಪ್ರತಿಗಳನ್ನೂ ಒಂದೊಂದಾಗಿ ತೆರೆದು ನೋಡಿದಳು. ಎಲ್ಲವೂ ಬೋಳು. ಕೀಬೋರ್ಡ್ ಪಕ್ಕಕ್ಕೆ ತಳ್ಳಿ, ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಎಕ್ಸ್‌ರೇ ಚಿತ್ರಗಳು ಬಂದವೆಂದು ಮೇಲಧಿಕಾರಿ ಫೋನಿನಲ್ಲಿ ಶಹಬ್ಬಾಸ್ ಹೇಳಿದ.

ಸಂಜೆ ಅಮ್ಮ ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು.

"ತಂದ್ಯೇನೇ?"

"ಪ್ರಿಂಟರ್ ಕೆಟ್ಟಿತ್ತಮ್ಮಾ. ಬಾಯಲ್ಲೇ ಹೇಳ್ತೀನಿ, ಕೂತ್ಕೋ."

ನೆನಪಿದ್ದವು ನಾಲ್ಕೇ ನಾಲ್ಕು. ಅಷ್ಟನ್ನೂ ಹೇಳಿದಳು. ಮೂರು ತಿಂಗಳಲ್ಲಿ ಮೊದಲ ಸಲ ಅಮ್ಮ ನಕ್ಕಳು.

"ಪೋಕರಿ ಮುಂಡೇದು! ಇನ್ನೊಂದು ಹೇಳೇ."

ಅಕ್ಕ ಬಾಯಿಗೆ ಬಂದದ್ದನ್ನು ಹೆಣೆದಳು. "ಅಕ್ಕಾ, ನಾನಿಲ್ದಿದ್ರೂ ಇದನ್ನೆಲ್ಲ ಚೆನ್ನಾಗಿ ನೋಡ್ಕೋ ಅಂತ ಬರ್ದಿದ್ದ."

ಅಮ್ಮನ ನಗು ನಿಂತಿತು. ಮಗಳ ಕೈ ಹಿಡಿದುಕೊಂಡಳು.

"ಇದು ಅವನ ಮಾತಲ್ಲ ಕಣೇ" ಎಂದಳು. "ಎಲ್ಲಾ ಹೋಯ್ತಾ?"