ಶಿಶುವಿಹಾರದ ಹುಂಜಗಳು

ಬರಂಗಾಯ್ ಎಂಬ ಕೇರಿ ಪಂಚಾಯಿತಿಯ ಶಿಶುವಿಹಾರಕ್ಕೆ ಬೀಗ ಬಿದ್ದ ವಾರವೇ ಪುರಿತಾಳಿಗೆ ಸಿಗಬೇಕಿದ್ದ ಸೂಪರ್‌ವೈಸರ್ ಕೆಲಸ ಕೈತಪ್ಪಿತು. ಹೊಲಿಗೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಬೆಳಗಿನ ಆರಕ್ಕೆ ಇರಲೇಬೇಕು. ನಾಲ್ಕು ವರ್ಷದ ಮಗಳು ಮಿಕಾಳನ್ನು ಯಾರ ಮಡಿಲಿಗೆ ಹಾಕಿ ಹೋಗುವುದು? ಯಾಕೆ ಮುಚ್ಚಿಸಿದಿರಿ ಎಂದು ಕೇಳಲು ಹೋದರೆ ಬರಂಗಾಯ್ ಮುಖ್ಯಸ್ಥ, ಕಪಿತಾನ್ ಎಲಿಸಿಯೋ ಹಲ್ಲು ಕಿರಿದ.

"ಹೆತ್ತವಳು ನೀನು, ಮನೇಲಿ ಕೂತು ನೋಡ್ಕೋ. ನಿನ್ನ ಮಗೂಗೆ ನಾನೇನು ಆಯಾನಾ?"

ತಿಂಗಳೊಳಗೆ ಆ ಕೋಣೆಯಲ್ಲಿ ಕಪಿತಾನನ ಹನ್ನೊಂದು ಕಾಳಗದ ಹುಂಜಗಳು ಸಂಸಾರ ಹೂಡಿದವು. ಕೇರಿಯ ಮಕ್ಕಳು ಕಿಟಕಿ ಸರಳಿಗೆ ಮೂಗು ಒತ್ತಿ ಜೋಳ ಎಸೆಯುತ್ತ ಒಂದೊಂದಕ್ಕೂ ಹೆಸರಿಟ್ಟವು.

ಆರು ತಿಂಗಳ ಮೇಲೆ ಕಪಿತಾನ್ ತಾನೇ ಪುರಿತಾಳ ಬಾಗಿಲಿಗೆ ಬಂದ. ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ ಶಿಶುವಿಹಾರ ನಡೆಯುತ್ತಿದೆ, ಮೂವತ್ತೆರಡು ಮಕ್ಕಳಿದ್ದಾರೆ ಎಂದೇ ಬರೆದಿದ್ದನಂತೆ. ಈಗ 'ಮಕ್ಕಳಸ್ನೇಹಿ' ಫಲಕ ಕೊಡಲು ಅಲ್ಲಿಂದ ತಪಾಸಣೆಗೆ ಬರುತ್ತಾರೆ.

"ಒಂದೇ ಒಂದು ಬೆಳಗ್ಗೆ ಕೇರಿ ಮಕ್ಕಳನ್ನ ಕಳಿಸ್ಕೊಡಮ್ಮಾ. ಎಲ್ರಿಗೂ ಸಿಹಿ ಸ್ಪಗೆಟ್ಟಿ ಮಾಡಿಸ್ತೀನಿ."

"ಆಗ್ಲಿ ಕಪಿತಾನ್. ಸಾಸೇಜ್ ಸ್ವಲ್ಪ ಜಾಸ್ತಿ ಹಾಕ್ಸಿ."

ಅವನು ಹೋದದ್ದೇ ಪಕ್ಕದ ಮನೆಯ ಲೋರ್ನಾ ಸಿಡಿದಳು. "ನಾಚ್ಕೆ ಆಗಲ್ವಾ ನಿಂಗೆ? ಅವನಿಗೇ ಸಹಾಯ ಮಾಡ್ತೀಯಲ್ಲ."

"ಮಾಡ್ತೀನಿ. ನೀನೊಂದು ಕೆಲ್ಸ ಮಾಡಕ್ಕಾ, ಪ್ರತಿ ಮಗು ಜೇಬಿಗೂ ಒಂದು ಹಿಡಿ ಜೋಳ ಹಾಕು."

ಆ ದಿನ ಗೋಡೆಗೆಲ್ಲ ಹೊಸ ಬಣ್ಣದ ಆನೆ, ಚಿಟ್ಟೆ. ಹುಂಜಗಳು ಹಿಂದಿನ ಮೂಲೆಯಲ್ಲಿ ಪರದೆಯ ಮರೆಯಲ್ಲಿದ್ದವು. ತಪಾಸಣೆಯ ಅಧಿಕಾರಿಣಿ ಮಿಕಾಳ ಮುಂದೆ ಮಂಡಿಯೂರಿದಳು.

"ಇಲ್ಲಿ ದಿನಾ ಏನ್ ಮಾಡ್ತೀರಾ ಪುಟ್ಟಾ?"

"ಹುಂಜಕ್ಕೆ ಊಟ ಹಾಕ್ತೀವಿ. ಕಿಟಕಿಯಿಂದ. ನಮ್ಮನ್ನ ಒಳಗೆ ಬಿಡಲ್ಲ."

ಹೇಳುತ್ತಲೇ ಜೇಬಿಗೆ ಕೈ ಹಾಕಿ ಜೋಳ ಚೆಲ್ಲಿದಳು. ಉಳಿದ ಮಕ್ಕಳೂ ಚೆಲ್ಲಿದವು. ಪರದೆ ಉಬ್ಬಿತು, ಹರಿಯಿತು. ಹನ್ನೊಂದೂ ನುಗ್ಗಿ ಬಂದವು. ಕೆಂಪು ಹುಂಜವೊಂದು ನೇರ ಅಧಿಕಾರಿಣಿಯ ಕಡತದ ಮೇಲೆ ಹತ್ತಿ ಹಿಕ್ಕೆ ಹಾಕಿತು. ಬಾಗಿಲಲ್ಲಿದ್ದ ಪುರಿತಾ ಕಪಿತಾನನ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಫಲಕ ಬರಲಿಲ್ಲ, ಆದೇಶ ಬಂತು: ನಾಳೆಯಿಂದಲೇ ಶಿಶುವಿಹಾರ ತೆರೆಯಬೇಕು, ಶಿಕ್ಷಕಿ ಸಿಗುವವರೆಗೆ ಹೊಣೆ ಕಪಿತಾನನದೇ. ಸೂಪರ್‌ವೈಸರ್ ಕೆಲಸ ಆಗಲೇ ಬೇರೊಬ್ಬಳ ಪಾಲಾಗಿತ್ತು. ಅದು ಮರಳಿ ಬರುವಂತಿರಲಿಲ್ಲ. ಪುರಿತಾಳ ಪಾಳಿ ಎಂಟಕ್ಕೆ. ಆದರೂ ಮರುದಿನ ಬೆಳಗಿನ ಐದೂವರೆಗೇ ನಿದ್ದೆಯಲ್ಲಿದ್ದ ಮಿಕಾಳನ್ನು ಎತ್ತಿಕೊಂಡು ಹೋಗಿ, ನಿದ್ದೆಗಣ್ಣಲ್ಲಿ ಬೀಗ ತೆಗೆಯುತ್ತಿದ್ದ ಕಪಿತಾನನ ತೋಳಿಗೆ ಹಾಕಿದಳು.

"ಎದ್ದ ತಕ್ಷಣ ಉಚ್ಚೆ ಮಾಡಿಸ್ಬೇಕು ಕಪಿತಾನ್. ತಡ ಆದ್ರೆ ಒದ್ದೆ ಆಗೋದು ನಿಮ್ಮ ಅಂಗೀನೇ."