ಕೃಷ್ಣಾತೀರದ ಆಕಳು, ಅರ್ಧ ತಂಬಿಗೆ ಹಾಲು

ಗಜೇಂದ್ರಗಡದ ಸಿದ್ದವ್ವ ಯಾರನ್ನೂ ನಂಬಿದವಳಲ್ಲ. ಬಿಸಿಲಿಗೆ ಹಾಕಿದ ಸಂಡಿಗೆಯನ್ನು ಕಾಗೆಗಿಂತ ಹೆಚ್ಚಾಗಿ ನೆರೆಹೊರೆಯವರಿಂದ ಕಾಯುವ ಹೆಂಗಸು. ಅಂಥವಳ ಮನೆಗೆ ಸೊಸೆಯಾಗಿ ಬಂದವಳು ನರಗುಂದದ ಶೇಖವ್ವ. ಅವಳ ಹಿಂದೆ ತವರಿನ ಬಳುವಳಿಯಾಗಿ ಒಂದು ಆಕಳು, ಅದರ ಕರು.

ಮಗಳನ್ನು ಬಿಟ್ಟುಹೋಗಲು ಬಂದ ಬೀಗ ಅಜ್ಜಪ್ಪ ಅಂಗಳದಲ್ಲಿ ನಿಂತು ಆಕಳ ವಂಶಾವಳಿಯನ್ನೇ ಹೇಳಿದ್ದ. "ಇದು ಕೃಷ್ಣಾತೀರದ ತಳಿ ನೋಡ್ರಿ ಬೀಗರ. ಸಾಂಗ್ಲಿ ಸಂಸ್ಥಾನದವ್ರು ಕಾಠೇವಾಡದಿಂದ ಗೀರ್ ಹೋರಿ ತರಿಸಿ ಹೊಳಿದಂಡಿ ಆಕಳಕ್ಕ ಬಿಡಿಸಿದ್ರಂತ. ಕರಿಮಣ್ಣಿನ ಎರಿ ಹೊಲಾ ಉಳಾಕ ಗಟ್ಟಿ ಎತ್ತು ಬೇಕಾಗಿದ್ವು, ಅದರ ಜೋಡಿ ಹಾಲೂ ಬಂತು. ಸಂಸ್ಥಾನ ಹೋಗಿ ನಾಕ ವರ್ಷಾತು, ತಳಿ ಉಳೀತು. ಹೊತ್ತಿಗೊಂದು ತಂಬಿಗಿ ತುಂಬತೈತಿ!"

ತುಂಬಿದ್ದು ಅರ್ಧ ತಂಬಿಗೆ. ಬೆಳಿಗ್ಗೆಯೂ ಅರ್ಧ, ಸಂಜೆಯೂ ಅರ್ಧ.

"ಹೊಸಾ ಜಾಗಾ ಐತ್ರಿ ಅತ್ತಿ, ಅಂಜತೈತಿ. ಹಾಲ ಏರಿಸ್ಕೋತೈತಿ," ಅಂದಳು ಶೇಖವ್ವ.

ಏರಿಸಿಕೊಳ್ಳುತ್ತದಂತೆ! ಹಾಲೇನು ಬಾವಿಯ ಕೊಡವೇ, ಹಗ್ಗ ಜಗ್ಗಿ ಮೇಲಕ್ಕೆಳೆಯಲು? ಆ ದಿನದಿಂದ ಸಿದ್ದವ್ವ ಗೋದಲಿಯ ಬಳಿ ಕಾವಲು ನಿಂತಳು. ಸೊಸೆ ಸೆರಗು ಝಾಡಿಸಿದರೂ ಸಂಶಯ, ಪಕ್ಕದ ಮನೆಯ ಫಕೀರವ್ವ ನಕ್ಕರೂ ಸಂಶಯ. ಹಾಲು ಎಮ್ಮೆಯದರಂತೆ ಬೆಳ್ಳಗಿಲ್ಲ, ತುಸು ಹಳದಿ. ಬೆಣ್ಣೆಯಂತೂ ಅರಿಶಿನದ ಬಣ್ಣ. ಸೊಸೆ ಅರ್ಧ ಹಾಲು ಕದ್ದು ಫಕೀರವ್ವನಿಗೆ ಮಾರುತ್ತಾಳೆ, ಉಳಿದದ್ದಕ್ಕೆ ನೀರು ಹಾಕುತ್ತಾಳೆ, ನೀರು ಗೊತ್ತಾಗಬಾರದೆಂದು ಅರಿಶಿನ ಹಾಕುತ್ತಾಳೆ! ಎಲ್ಲ ಎಷ್ಟು ಚಂದ ಹೊಂದಿಕೊಂಡಿತು!

ಕಡೆಗೊಂದು ಮುಂಜಾನೆ ಮಗ ಅಂದಾನಪ್ಪನ ಎದುರಿಗೇ ಅಂದುಬಿಟ್ಟಳು: "ಈ ಹಾಲಗಳ್ಳಿ ನನ್ನ ಮನ್ಯಾಗ ಬ್ಯಾಡ. ತವರಿಗೆ ಬಿಟ್ಟ ಬಾ. ನಾ ಹೇಳಿ ಕಳಸೂತನಕ ಈ ಹೊಸ್ತಿಲಾ ದಾಟಬಾರ್ದು."

ಶೇಖವ್ವ ಅಳಲಿಲ್ಲ. ಆಕಳ ಕೊರಳಡಿ ಜೋಲುವ ಗಂಗೆದೊಗಲು ಸವರಿ, ಗಂಡನ ಹಿಂದೆ ಬಸ್ಸಿಗೆ ನಡೆದಳು.

ಸಂಜೆ ಸಿದ್ದವ್ವ ದೊಡ್ಡ ತಂಬಿಗೆ ಹಿಡಿದು ತಾನೇ ಕರೆಯಲು ಕೂತಳು. ಆಕಳು ಒಮ್ಮೆ ಮೂಸಿತು, ಝಾಡಿಸಿ ಒದೆಯಿತು. ತಂಬಿಗೆ ಅಂಗಳದ ತನಕ ಉರುಳಿತು. ಮರುದಿನವೂ ಅದೇ ಮರ್ಯಾದೆ. ಕೆಚ್ಚಲು ಬಿಗಿದು ನಿಂತಿದೆ, ಒಂದು ತೊಟ್ಟು ಹಾಲಿಲ್ಲ.

ಗೋಡೆಯಾಚೆಯಿಂದ ಫಕೀರವ್ವ ಇಣುಕಿದಳು. "ಶೇಖವ್ವನ ಸೀರಿ ಉಟ್ಟು ಕೂಡ್ರಬೇ ಯವ್ವಾ. ಅದು ಮಾರಿ ನೋಡಂಗಿಲ್ಲ, ವಾಸನಿ ಹಿಡಿತೈತಿ."

ಹಾಲಗಳ್ಳಿಯ ಸೀರೆಯೇ! ಸಿದ್ದವ್ವನ ಮೈ ಉರಿಯಿತು. ಆದರೆ ಕೆಚ್ಚಲು ಬಾತರೆ ಆಕಳೇ ಹೋದೀತು. ಬಾಗಿಲು ಹಾಕಿಕೊಂಡು, ಸೊಸೆ ಬಿಟ್ಟುಹೋದ ಹಳೆಯ ಇಳಕಲ್ ಸೀರೆ ಉಟ್ಟು, ಸೆರಗನ್ನು ಅವಳಂತೆಯೇ ಹೊದ್ದು ಬಂದು ಕೂತಳು. ಕರುವನ್ನು ಒಂದೆರಡು ಗುಟುಕಿಗೆ ಬಿಟ್ಟು ಎಳೆದು ಕಟ್ಟಿದಳು. ಆಕಳು ಸೆರಗು ಮೂಸಿತು, ನೆಕ್ಕಿತು, ಸೊರೆ ಬಿಟ್ಟು ಹಾಲಿಳಿಸಿತು.

ಅರ್ಧ ತಂಬಿಗೆಗೆ ನಿಂತುಹೋಯಿತು. ಎಷ್ಟು ಜಗ್ಗಿದರೂ ಅಷ್ಟೇ. ಅದೇ ಹಳದಿ ಹಾಲು. ನೀರು ಹಾಕಿದವರಿಲ್ಲ, ಅರಿಶಿನ ಹಾಕಿದವರಿಲ್ಲ. ಕೈ ಸೋತು ಸಿದ್ದವ್ವ ಕರು ಬಿಚ್ಚಿದಳು. ಅದು ಓಡಿಬಂದು ಕೆಚ್ಚಲಿಗೆ ಎರಡು ಸಲ ಗುದ್ದಿತು ನೋಡಿ, ಬಾಯಿಯ ಎರಡೂ ಬದಿಗೆ ಬುರುಗು ಬಂತು! ಉಳಿದರ್ಧ ತಂಬಿಗೆ ಅಲ್ಲಿತ್ತು. ತಾಯಿ ತನ್ನ ಕರುವಿಗೆಂದು ಏರಿಸಿಟ್ಟುಕೊಂಡಿತ್ತು. ಅಯ್ಯೋ ಶಿವನೇ, ಆ ಹುಡುಗಿಗೆ ಏನಂದುಬಿಟ್ಟೆ! ಸಿದ್ದವ್ವ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಬೆಳಗಿನ ಹಾಲು ಕರೆದವಳು ಸೀರೆಯನ್ನೂ ಬದಲಿಸದೆ ಬಸ್ಸು ಹತ್ತಿದಳು. ನರಗುಂದದ ಬೀಗರ ಬಾಗಿಲಲ್ಲಿ ಶೇಖವ್ವ ಜೋಳ ಹಸನು ಮಾಡುತ್ತಿದ್ದಳು. ಮೊದಲು ಸೀರೆ ನೋಡಿದಳು, ಆಮೇಲೆ ಅತ್ತೆಯ ಮುಖ.

"ಆಕಳ ಹಾಲ ಕೊಟ್ಟತೇನ್ರಿ ಅತ್ತಿ?"

"ನಿನಗ ಕೊಟ್ಟತು, ನನಗಲ್ಲ," ಅಂದಳು ಸಿದ್ದವ್ವ. ಹೊಸ್ತಿಲ ಹೊರಗೇ ನಿಂತಿದ್ದಳು. "ಅರ್ಧಾನ ತಂಬಿಗಿ ಕೊಟ್ಟತು. ಹಾಲಗಳ್ಳಿ ಅಂದ ಬಾಯಿಲೇ ಹೇಳಾಕ ಬಂದೇನಿ, ನಡಿ ಮನಿಗೆ."